ಮನೆ ಕಂದಾಯದ ಬಾಕಿ, ಬಾಗಿಲಿಗೆ ಬರುವ ವಸೂಲಿ: ಹೆದರದೆ ಎದುರಿಸುವುದು ಹೇಗೆ?



ಕಾಮಾಕ್ಷಿಪಾಳ್ಯದ ಸಂಘಗಳ ಸಭೆಯಲ್ಲಿ ಉಳಿತಾಯ, ಸಾಲ, ಕಂತು ಎಲ್ಲಾ ಬರೆದು ಮುಗಿದ ಮೇಲೆ, ಪುಸ್ತಕ ಮುಚ್ಚುವ ಹೊತ್ತಿಗೆ ಯಾರಾದರೊಬ್ಬರು ಮೆಲ್ಲಗೆ ಒಂದು ಕಾಗದ ತೆಗೆಯುತ್ತಾರೆ. "ಅಕ್ಕಾ, ಇದೇನು ನೋಡಿ, ಬಾಗಿಲಿಗೆ ಅಂಟಿಸಿ ಹೋಗಿದ್ದಾರೆ" ಅಂತಾರೆ. ಅದು ಮನೆ ಕಂದಾಯದ ಬಾಕಿ ನೋಟಿಸು. ಮೊತ್ತ ನೋಡಿದ ಕೂಡಲೇ ಕೈಕಾಲು ತಣ್ಣಗಾಗುತ್ತದೆ. ಮನೆ ಹೋಗುತ್ತೆ, ಸಾಮಾನು ಹೊರಗೆ ಹಾಕ್ತಾರೆ ಎಂಬ ಭಯ. ಆ ಭಯದಲ್ಲೇ ಮಾರನೇ ದಿನ ಯಾವುದೋ ಫೈನಾನ್ಸಿನಿಂದ ಸಾಲ ತಂದು ಕಟ್ಟುತ್ತೇವೆ. ಕಂದಾಯದ ಬಾಕಿ ಅಲ್ಲಿಗೆ ಮುಗಿಯಿತು. ಆದರೆ ಪ್ರತಿ ವಾರ ಬಾಗಿಲಲ್ಲಿ ನಿಲ್ಲುವ ಇನ್ನೊಂದು ಬಾಕಿ ಶುರುವಾಯಿತು. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಈ ತಿಂಗಳ ಪಾಠದಲ್ಲಿ ಕಲಿಯಬೇಕಾದ ಮಾತು ಒಂದೇ: ಹಣ ಕೊಡುವ ಮೊದಲು, ಸಾಲ ತರುವ ಮೊದಲು, ಕೇಳಲು ಬಂದವರು ಯಾರು, ಅವರ ಕೈಯಲ್ಲಿ ಯಾವ ಕಾಗದ ಇದೆ, ನಮ್ಮಿಂದ ನಿಜವಾಗಿ ಎಷ್ಟು ಕಟ್ಟಲು ಆಗುತ್ತದೆ ಎಂಬ ಮೂರನ್ನು ತಿಳಿದುಕೊಳ್ಳಬೇಕು. ಕಂದಾಯ ಕಟ್ಟಬೇಡಿ, ಸಾಲ ತೀರಿಸಬೇಡಿ ಎಂದು ಈ ಪಾಠ ಹೇಳುವುದಿಲ್ಲ. ಕೊಡಬೇಕಾದ್ದನ್ನು ಕೊಡಲೇಬೇಕು. ಆದರೆ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು, ಮರ್ಯಾದೆ ಕಳೆದುಕೊಂಡು ಕೊಡಬೇಕಾಗಿಲ್ಲ.

1. ಮನೆ ಕಂದಾಯ ಎಂದರೇನು?

ರಸ್ತೆ, ಚರಂಡಿ, ಬೀದಿ ದೀಪ, ಕಸ ವಿಲೇವಾರಿ ಇವುಗಳಿಗಾಗಿ ನಗರ ಪಾಲಿಕೆ ಮನೆ, ಅಂಗಡಿ, ನಿವೇಶನಗಳ ಮೇಲೆ ಹಾಕುವ ಆಸ್ತಿ ತೆರಿಗೆಯೇ ಮನೆ ಕಂದಾಯ. ಬೆಂಗಳೂರಿನಲ್ಲಿ 2000ನೇ ಇಸವಿಯಿಂದ ಸ್ವಯಂ ಘೋಷಣೆ ಪದ್ಧತಿ ಇದೆ. ಅಂದರೆ ಮನೆಯ ಅಳತೆ, ಸ್ವಂತ ವಾಸವೋ ಬಾಡಿಗೆಯೋ ಎಂಬುದನ್ನು ಮಾಲೀಕರೇ ಬರೆದು ಲೆಕ್ಕ ಹಾಕಿ ಕಟ್ಟಬೇಕು. 2008-09ರಿಂದ ನಗರವನ್ನು ವಲಯಗಳಾಗಿ ಮಾಡಿ, ಚದರಡಿಗೆ ಇಷ್ಟು ಎಂದು ದರ ಹಾಕುವ ಕ್ರಮ ಬಂತು. ಈ ಕ್ರಮದಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಗಿಂತ ದರ ಹೆಚ್ಚು.

ಮೊದಲು ನಾವು ಬಿಬಿಎಂಪಿಗೆ ಕಂದಾಯ ಕಟ್ಟುತ್ತಿದ್ದೆವು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ನಮ್ಮ ಕಡೆಯ ಬಡಾವಣೆಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ಕಚೇರಿಯ ಹೆಸರು ಬದಲಾಯಿತೆಂದು ಹಳೆಯ ಬಾಕಿ ಅಳಿಸಿ ಹೋಗಿಲ್ಲ. "ಬಿಬಿಎಂಪಿನೇ ಇಲ್ಲ, ಇನ್ನೇನು ಕಂದಾಯ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ವಿಷಯ ಚೆನ್ನಾಗಿ ನೆನಪಿಡಿ. ಕಂದಾಯದ ಬಾಕಿ ಆಸ್ತಿಯ ಬೆನ್ನು ಹತ್ತುತ್ತದೆ. ಖಾತೆ ತೀರಿಹೋದ ಮಾವನ ಹೆಸರಿನಲ್ಲಿದ್ದರೂ, ಅಣ್ಣ ತಮ್ಮಂದಿರ ನಡುವೆ ಭಾಗ ಆಗದೇ ಇದ್ದರೂ, ಆ ಮನೆಯ ಬಾಕಿ ಬೆಳೆಯುತ್ತಲೇ ಇರುತ್ತದೆ. "ನಮ್ಮ ಹೆಸರಲ್ಲಿಲ್ಲವಲ್ಲ" ಎಂದು ಸುಮ್ಮನಿದ್ದರೆ ಕೊನೆಗೆ ನೋಟಿಸು ಬರುವುದು ಅಲ್ಲಿ ವಾಸ ಮಾಡುವವರ ಬಾಗಿಲಿಗೇ.

ಬಾಡಿಗೆ ಮನೆಯಲ್ಲಿರುವ ಸದಸ್ಯೆಯರಿಗೆ: ಕಂದಾಯ ಮೊದಲನೆಯದಾಗಿ ಮಾಲೀಕರ ಹೊಣೆ. ನೋಟಿಸು ಅಂಟಿಸಿದ್ದರೆ ಅದರ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಗಾಬರಿಯಿಂದ ನೀವೇ ಯಾರಿಗೂ ಹಣ ಕೊಡಬೇಡಿ.

2. ನೋಟಿಸು ಬಂದಾಗ ಮಾಡಬೇಕಾದ್ದು

ಮೊದಲು ಅದನ್ನು ಓದಿ. ಓದಲು ಬಾರದಿದ್ದರೆ ಸಂಘದಲ್ಲಿ ಓದಿಸಿ. ಪೆಟ್ಟಿಗೆಯೊಳಗೆ ಮಡಿಸಿಟ್ಟ ನೋಟಿಸು ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಬಾಕಿಯ ಮೇಲೆ ಬಡ್ಡಿ ಬೆಳೆಯುತ್ತದೆ, ದಂಡವೂ ಸೇರುತ್ತದೆ.

ಓದುವಾಗ ಇವನ್ನು ನೋಡಿ:

– ಆಸ್ತಿ ಸಂಖ್ಯೆ, ವಿಳಾಸ ನಮ್ಮದೇ ಮನೆಯದ್ದೋ?
– ಯಾವ ಯಾವ ವರ್ಷದ ಬಾಕಿ? ಅದರಲ್ಲಿ ನಾವು ಕಟ್ಟಿದ ವರ್ಷವೂ ಸೇರಿದೆಯೋ? ಹಳೆಯ ರಸೀದಿ ಹುಡುಕಿ.
– ಸ್ವಂತ ವಾಸದ ಮನೆಯನ್ನು ಬಾಡಿಗೆ ಮನೆ ಎಂದು ಬರೆದಿದ್ದಾರೋ? ಮನೆಯನ್ನು ಅಂಗಡಿ ಎಂದು ತೋರಿಸಿದ್ದಾರೋ? ಅಳತೆ ಸರಿಯೋ? ವಲಯ ಸರಿಯೋ?
– ಮೊತ್ತದಲ್ಲಿ ತೆರಿಗೆ ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು?
– ಎಷ್ಟು ದಿನದೊಳಗೆ ಉತ್ತರ ಕೊಡಬೇಕು?

ಲೆಕ್ಕದಲ್ಲಿ ತಪ್ಪು ಇರುವುದುಂಟು. ಅದು ಕಚೇರಿಯವರ ತಪ್ಪಾಗಿರಬಹುದು, ಅರ್ಜಿ ತುಂಬಿಕೊಟ್ಟವರ ತಪ್ಪೂ ಆಗಿರಬಹುದು. ವಲಯ ತಪ್ಪಾಗಿ ನಮೂದಾಗಿದೆ ಎಂದು 2021ರಲ್ಲಿ ನಗರದ ಸಾವಿರಾರು ಮಾಲೀಕರಿಗೆ ನೋಟಿಸು ಹೋಗಿತ್ತು. ತಪ್ಪು ಕಂಡರೆ ಬಾಯಲ್ಲಿ ಹೇಳಿ ಬರುವುದು ಸಾಲದು. ಬರೆದು ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬರಬೇಕು.

ಸುಮ್ಮನಿದ್ದರೆ ಏನಾಗುತ್ತದೆ? ಪಾಲಿಕೆಗೆ ಅಧಿಕಾರ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ನೋಟಿಸು ಕೊಟ್ಟ ಮೇಲೂ ಕಟ್ಟದಿದ್ದರೆ ಚರಾಸ್ತಿ ಜಪ್ತಿ, ಬ್ಯಾಂಕ್ ಖಾತೆ ತಡೆ, ಕೊನೆಗೆ ಆಸ್ತಿ ಹರಾಜಿನವರೆಗೂ ಹೋಗಬಹುದು. ಹಲವು ವರ್ಷ ಬಾಕಿ ಉಳಿಸಿಕೊಂಡವರ ಆಸ್ತಿ ಹರಾಜು ಹಾಕುವುದಾಗಿ 2025ರಲ್ಲಿ ಪಾಲಿಕೆ ಪ್ರಕಟಿಸಿತ್ತು. ಆದರೆ ಇದೆಲ್ಲ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ನೋಟಿಸಿಗೂ ಜಪ್ತಿಗೂ ನಡುವೆ ಇರುವ ಸಮಯವೇ ನಮ್ಮ ಸಮಯ. ಆ ಸಮಯದಲ್ಲಿ ಕಚೇರಿಗೆ ಹೋದವರ ಮಾತು ಒಂದು ರೀತಿ, ಅಡಗಿ ಕುಳಿತವರ ಪಾಡು ಇನ್ನೊಂದು ರೀತಿ.

ಸರ್ಕಾರ ಆಗಾಗ ರಿಯಾಯಿತಿಯನ್ನೂ ಕೊಡುತ್ತದೆ. 2024ರಲ್ಲಿ ಬಾಕಿಯನ್ನು ಒಂದೇ ಸಲ ತೀರಿಸುವವರಿಗೆ ಬಡ್ಡಿ ಮನ್ನಾ ಮಾಡುವ ಯೋಜನೆ ಬಂದಿತ್ತು. ಅವಧಿ ವಿಸ್ತರಿಸುತ್ತಾ ಹೋಗಿ ಆ ವರ್ಷದ ನವೆಂಬರ್ 30ಕ್ಕೆ ಮುಗಿಯಿತು. ವಿಷಯ ಗೊತ್ತಾಗದೆ ಎಷ್ಟೋ ಮಂದಿ ಅದನ್ನು ತಪ್ಪಿಸಿಕೊಂಡರು. ಆದ್ದರಿಂದ ಪ್ರತಿ ಸಂಘದಲ್ಲಿ ಒಬ್ಬರು ಕಂದಾಯ ಕಚೇರಿಯ ಸುದ್ದಿ ವಿಚಾರಿಸುವ ಹೊಣೆ ಹೊರಲಿ. ಹೊಸ ವರ್ಷದ ಕಂದಾಯ ಕಟ್ಟುವವರು ಏಪ್ರಿಲ್ ತಿಂಗಳಲ್ಲೇ ವಿಚಾರಿಸಿ. ಆರಂಭದಲ್ಲೇ ಪೂರ್ತಿ ಕಟ್ಟುವವರಿಗೆ ನೂರಕ್ಕೆ 5ರಷ್ಟು ರಿಯಾಯಿತಿ ಕೊಡುವ ಕ್ರಮ ಬಹಳ ವರ್ಷಗಳಿಂದ ನಡೆದು ಬಂದಿದೆ.

ಹಣವನ್ನು ಆನ್‌ಲೈನ್‌ನಲ್ಲೋ ಬೆಂಗಳೂರು ಒನ್ ಕೇಂದ್ರದಲ್ಲೋ ಕಟ್ಟಿ ರಸೀದಿ ಪಡೆಯಿರಿ. "ನನ್ನ ಕೈಗೆ ಅರ್ಧ ಕೊಡಿ, ನೋಟಿಸು ಹರಿದು ಹಾಕಿಸ್ತೀನಿ" ಎನ್ನುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

3. ಬಾಗಿಲಿಗೆ ಬಂದವರು ಯಾರು?

ಹಣ ಕೇಳಲು ಬರುವ ಎಲ್ಲರೂ ಒಂದೇ ಅಲ್ಲ. ಮೂರು ಜನರನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿಯೋಣ.

ಒಂದು, ಪಾಲಿಕೆಯ ಕಂದಾಯ ಸಿಬ್ಬಂದಿ. ಗುರುತಿನ ಚೀಟಿ ಕೇಳಿ. ಲಿಖಿತ ನೋಟಿಸು ಕೇಳಿ. ಗೌರವದಿಂದ ಮಾತಾಡಿ, ಹೆಸರು, ಹುದ್ದೆ, ಕಚೇರಿ ಬರೆದುಕೊಳ್ಳಿ.

ಎರಡು, ಕೋರ್ಟಿನ ಅಮೀನ. ಇವರು ನ್ಯಾಯಾಲಯದ ಆದೇಶ ಇಲ್ಲದೆ ಬರುವುದಿಲ್ಲ. ಹಣದ ವ್ಯಾಜ್ಯದಲ್ಲಿ ಸಾಮಾನ್ಯವಾಗಿ ತೀರ್ಪು ಆದ ಮೇಲೆ ಬರುತ್ತಾರೆ. ಅವರ ಕೈಯನ್ನೂ ಕಾನೂನು ಕಟ್ಟಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಉಟ್ಟು ತೊಡುವ ಅಗತ್ಯದ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ ಇವನ್ನು ಜಪ್ತಿ ಮಾಡುವಂತಿಲ್ಲ. ಧರ್ಮದ ಆಚಾರದಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆಯನ್ನು ಮುಟ್ಟುವಂತಿಲ್ಲ. ಕುಶಲಕರ್ಮಿಯ ದುಡಿಮೆಯ ಉಪಕರಣಗಳನ್ನೂ ಒಯ್ಯುವಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಜಪ್ತಿಗೆಂದು ವಾಸದ ಮನೆಯೊಳಗೆ ಕಾಲಿಡುವಂತಿಲ್ಲ. ಇನ್ನೊಂದು ಮುಖ್ಯ ಮಾತು: ಹಣ ಕಟ್ಟಲಿಲ್ಲ ಎಂಬ ತೀರ್ಪಿನ ಜಾರಿಗಾಗಿ ಹೆಂಗಸನ್ನು ಬಂಧಿಸಿ ಸಿವಿಲ್ ಜೈಲಿಗೆ ಹಾಕುವಂತಿಲ್ಲ.

ಮೂರು, ಫೈನಾನ್ಸಿನ ವಸೂಲಿ ಹುಡುಗರು. ಇವರು ಕಂಪನಿಯ ನೌಕರರು ಅಥವಾ ಏಜೆಂಟರು, ಅಷ್ಟೇ. ಇವರು ಅಮೀನರಲ್ಲ. ಗ್ಯಾಸ್ ಸಿಲಿಂಡರ್, ಟಿವಿ, ಹೊಲಿಗೆ ಯಂತ್ರ, ಮಿಕ್ಸಿ ಯಾವುದನ್ನೂ ಎತ್ತಿಕೊಂಡು ಹೋಗುವ ಅಧಿಕಾರ ಇವರಿಗಿಲ್ಲ. ಮನೆಗೆ ಬೀಗ ಹಾಕುವ, ಗೋಡೆಯ ಮೇಲೆ ಬರೆಯುವ ಅಧಿಕಾರವೂ ಇಲ್ಲ. "ಪೊಲೀಸರನ್ನು ಕರೆಸಿ ಈಗಲೇ ಒಳಗೆ ಹಾಕಿಸ್ತೀನಿ" ಎನ್ನುವುದು ಬರೀ ಬೆದರಿಕೆ.

ಅಮೀನನಿಗೇ ಇಷ್ಟು ಕಟ್ಟುಪಾಡು ಇರುವಾಗ, ವಸೂಲಿ ಹುಡುಗನ ಕೂಗಿಗೆ ನಾವೇಕೆ ನಡುಗಬೇಕು?

ಇದು ಇವತ್ತಿನ ನ್ಯಾಯ ಮಾತ್ರವಲ್ಲ. ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಸಾಲ ಕೊಟ್ಟವನಿಗೇ ನಿಯಮ ಹಾಕುತ್ತದೆ. ಅಡವು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು. ಹಿಟ್ಟು ಬೀಸುವ ಕಲ್ಲನ್ನು ಅಡವಿಡಿಸಿಕೊಳ್ಳಬಾರದು, ಏಕೆಂದರೆ ಅದು ಆ ಮನೆಯ ಜೀವ. ಬಡವನ ಹೊದಿಕೆಯನ್ನು ಅಡವಿಡಿಸಿಕೊಂಡಿದ್ದರೆ ಕತ್ತಲಾಗುವ ಮೊದಲು ಹಿಂದಿರುಗಿಸಬೇಕು. ಆ ಕಾಲದ ಬೀಸುವ ಕಲ್ಲು ಇವತ್ತು ನಮ್ಮ ಮನೆಯ ಹೊಲಿಗೆ ಯಂತ್ರ. ಬಡವರ ಬಾಗಿಲಿಗೂ ಒಂದು ಗೌರವ ಇದೆ ಎಂದು ದೇವರೇ ಹೇಳಿದ ಮೇಲೆ ನಾವು ಅದನ್ನು ಬಿಟ್ಟುಕೊಡಬಾರದು.

4. ಒಂದು ಉದಾಹರಣೆ ಲೆಕ್ಕ

ಒಬ್ಬ ಸದಸ್ಯೆಯನ್ನು ಕಲ್ಪಿಸಿಕೊಳ್ಳೋಣ. ಗಂಡ ವರ್ಕ್‌ಶಾಪಿನಲ್ಲಿ ದುಡಿದು ತಿಂಗಳಿಗೆ 16,000 ರೂ. ತರುತ್ತಾರೆ. ಇವರು ಹೊಲಿಗೆಯಿಂದ 8,000 ರೂ. ಒಟ್ಟು 24,000 ರೂ. ಮನೆ ತೀರಿಹೋದ ಮಾವನ ಹೆಸರಿನಲ್ಲಿದೆ. ಮೈದುನನಿಗೂ ಅದರಲ್ಲಿ ಪಾಲಿದೆ.

ಮನೆ ಖರ್ಚು: ರೇಷನ್, ತರಕಾರಿ, ಹಾಲು 7,500, ಗ್ಯಾಸ್, ನೀರು, ಕರೆಂಟ್ 1,600, ಮಕ್ಕಳ ಶಾಲೆ 2,300, ಅತ್ತೆಯ ಔಷಧಿ 1,000, ಬಸ್ಸು, ಫೋನು 900. ಒಟ್ಟು 13,300 ರೂ.

ಕಂತುಗಳು: ಸಂಘದ ಸಾಲ 2,000, ಒಂದು ಫೈನಾನ್ಸಿಗೆ 4,200, ಇನ್ನೊಂದಕ್ಕೆ 3,900. ಒಟ್ಟು 10,100 ರೂ.

ತಿಂಗಳ ಕೊನೆಗೆ ಉಳಿಯುವುದು 600 ರೂ. ಈಗ ಬಡ್ಡಿ, ದಂಡ ಸೇರಿ 14,600 ರೂ. ಕಂದಾಯ ಬಾಕಿಯ ನೋಟಿಸು ಬಂತು ಎಂದಿಟ್ಟುಕೊಳ್ಳಿ.

ಭಯದ ದಾರಿ: ಮೂರನೇ ಫೈನಾನ್ಸಿನಿಂದ 30,000 ರೂ. ಸಾಲ. ವಾರಕ್ಕೆ 750 ರೂ.ನಂತೆ 52 ವಾರ. ಒಟ್ಟು 39,000 ರೂ. ಬಡ್ಡಿಯೇ 9,000 ರೂ. ಈ ಕಂತು ತಿಂಗಳಿಗೆ ಸರಾಸರಿ 3,250 ರೂ. ಆಗುತ್ತದೆ. ಉಳಿಯುತ್ತಿದ್ದದ್ದು 600 ರೂ. ಹಾಗಾಗಿ ಪ್ರತಿ ತಿಂಗಳು 2,650 ರೂ. ಕೊರತೆ. ಸಾಲದಲ್ಲಿ ಮಿಕ್ಕ ಹಣ ಅದನ್ನು ತುಂಬುತ್ತಾ ಆರು ತಿಂಗಳಲ್ಲಿ ಖಾಲಿ. ಆಮೇಲೆ ನಾಲ್ಕನೇ ಸಾಲ.

ಲೆಕ್ಕದ ದಾರಿ: ಮೊದಲು ಮೈದುನನನ್ನು ಕೂರಿಸಿಕೊಂಡು ಮಾತಾಡುವುದು. ಪಾಲು ಇದ್ದ ಮೇಲೆ ಬಾಕಿಯಲ್ಲೂ ಪಾಲು. ಅವರ ಅರ್ಧ 7,300, ಇವರ ಅರ್ಧ 7,300. ಕೈಯಲ್ಲಿರುವ ಉಳಿತಾಯ 1,300. ಉಳಿದ 6,000 ರೂ. ಸಂಘದ ಸ್ವಂತ ನಿಧಿಯಿಂದ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ, 15 ತಿಂಗಳ ಕಂತು. ಅಸಲು 400, ಮೊದಲ ತಿಂಗಳ ಬಡ್ಡಿ 60, ಒಟ್ಟು 460 ರೂ. ತಿಂಗಳು ತಿಂಗಳಿಗೆ ಬಡ್ಡಿ ಇಳಿಯುತ್ತದೆ. 15 ತಿಂಗಳಿಗೆ ಒಟ್ಟು ಬಡ್ಡಿ 480 ರೂ. ಮಾತ್ರ. ಮಿಕ್ಕ 140 ರೂ.ಯನ್ನು ಮುಂದಿನ ವರ್ಷದ ಕಂದಾಯಕ್ಕೆಂದು ಡಬ್ಬಿಯಲ್ಲಿ ಹಾಕುವುದು.

9,000 ಎಲ್ಲಿ, 480 ಎಲ್ಲಿ? ಎಲ್ಲರ ಮನೆಯಲ್ಲೂ ಮೈದುನ ಒಪ್ಪುವುದಿಲ್ಲ, ಎಲ್ಲಾ ಸಂಘದಲ್ಲೂ ನಿಧಿ ಇರುವುದಿಲ್ಲ ಎಂಬುದು ನಿಜ. ಹಾಗಿದ್ದರೂ ಲೆಕ್ಕ ಬರೆದುಕೊಂಡು ಕಂದಾಯ ಕಚೇರಿಗೆ ಹೋಗಿ ಕಾಲಾವಕಾಶ ಕೇಳಬಹುದು. ಬರಿಗೈಯಲ್ಲಿ ಹೋಗಬೇಡಿ. ಸ್ವಲ್ಪವಾದರೂ ಕಟ್ಟಿದ ರಸೀದಿ ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ. ಒಂದು ಎಚ್ಚರಿಕೆ: ಗೃಹಲಕ್ಷ್ಮಿಯಂಥ ಹಣ ಒಂದೊಂದು ಸಲ ತಡವಾಗುತ್ತದೆ. ಅದನ್ನು ನಂಬಿ ಕಂತು ಒಪ್ಪಿಕೊಳ್ಳಬೇಡಿ.

ಮಾದರಿ ಪತ್ರ:

"ಸಹಾಯಕ ಕಂದಾಯ ಅಧಿಕಾರಿಗಳಿಗೆ, ಬೆಂಗಳೂರು ಪಶ್ಚಿಮ ನಗರ ಪಾಲಿಕೆ. ಮಾನ್ಯರೇ, ಮೇಲ್ಕಂಡ ಸಂಖ್ಯೆಯ ಆಸ್ತಿಯ ತೆರಿಗೆ ಬಾಕಿ ಬಗ್ಗೆ ತಮ್ಮ ನೋಟಿಸು ದಿನಾಂಕ ......ರಂದು ತಲುಪಿದೆ. ಬಾಕಿ ಕಟ್ಟಲು ನಾನು ಸಿದ್ಧಳಿದ್ದೇನೆ. ನಮ್ಮ ಕುಟುಂಬದ ತಿಂಗಳ ಆದಾಯ ಮತ್ತು ಖರ್ಚಿನ ವಿವರ ಲಗತ್ತಿಸಿದ್ದೇನೆ. ಈ ದಿನ ...... ರೂ. ಪಾವತಿಸಿದ್ದು, ಉಳಿದ ಮೊತ್ತಕ್ಕೆ ...... ತಿಂಗಳ ಕಾಲಾವಕಾಶ ಕೊಡಬೇಕೆಂದು, ಅಲ್ಲಿಯವರೆಗೆ ಮುಂದಿನ ಕ್ರಮ ತಡೆಹಿಡಿಯಬೇಕೆಂದು ಕೋರುತ್ತೇನೆ. ಬಡ್ಡಿ, ದಂಡದಲ್ಲಿ ಯಾವುದಾದರೂ ರಿಯಾಯಿತಿ ಜಾರಿಯಲ್ಲಿದ್ದರೆ ತಿಳಿಸಬೇಕಾಗಿ ವಿನಂತಿ."

ಎರಡು ಪ್ರತಿ ಮಾಡಿ. ಒಂದು ಅವರಿಗೆ, ಮೊಹರು ಹಾಕಿದ್ದು ನಮಗೆ. ಕಾಲಾವಕಾಶ ಕೊಟ್ಟರೆ ಅದನ್ನೂ ಬರಹದಲ್ಲೇ ಪಡೆಯಿರಿ.

5. ಈಗಾಗಲೇ ಫೈನಾನ್ಸಿನ ಕಂತಿನಲ್ಲಿ ಸಿಕ್ಕಿಬಿದ್ದವರು

ರಿಸರ್ವ್ ಬ್ಯಾಂಕ್ 2022ರಲ್ಲಿ ಕಿರುಸಾಲಕ್ಕೆ ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷ ರೂ.ವರೆಗೆ ಆದಾಯ ಇರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಅದರ ಮುಖ್ಯ ನಿಯಮಗಳು:

– ಕುಟುಂಬದ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನಮ್ಮ ಉದಾಹರಣೆಯಲ್ಲಿ ಅರ್ಧ ಎಂದರೆ 12,000 ರೂ. ಮೂರನೇ ಸಾಲ ಸೇರಿದರೆ ಕಂತು 13,350 ರೂ. ಆಗುತ್ತದೆ. ಅಂಥ ಸಾಲ ಕೊಡುವುದೇ ನಿಯಮ ಮೀರಿದ ಹಾಗೆ.
– ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ಪದೇ ಪದೇ ಕರೆ ಮಾಡಿ ಪೀಡಿಸಬಾರದು.
– ಬೈಗುಳ, ಬೆದರಿಕೆ, ಹೊಡೆತ ಕೂಡದು. ನೆಂಟರು, ಸ್ನೇಹಿತರು, ಜೊತೆ ಕೆಲಸದವರನ್ನು ಪೀಡಿಸಬಾರದು. ಹೆಸರು ಬಹಿರಂಗ ಮಾಡಬಾರದು.
– ಇಬ್ಬರೂ ಒಪ್ಪಿದ ಜಾಗದಲ್ಲೇ ಕಂತು ವಸೂಲಿ. ಅಲ್ಲಿಗೆ ಎರಡು ಅಥವಾ ಹೆಚ್ಚು ಸಲ ಸತತವಾಗಿ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು.
– ತಡವಾದರೆ ದಂಡ, ಬಾಕಿಯಾದ ಕಂತಿನ ಮೇಲೆ ಮಾತ್ರ. ಇಡೀ ಸಾಲದ ಮೇಲೆ ಹಾಕುವಂತಿಲ್ಲ.
– ನಮಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ವಸೂಲಿ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನಾವೆಲ್ಲ ಕೇಳಿದ್ದೇವೆ. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆಮೇಲೆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಮಾರ್ಚ್‌ನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಇದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳಿಗೆ ಮೇಲೆ ಹೇಳಿದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನೋಂದಣಿಯಿಲ್ಲದೆ ಬೀದಿಯಲ್ಲಿ ಮೀಟರ್ ಬಡ್ಡಿಗೆ ಕೊಡುವವರನ್ನು ಹಿಡಿಯಲು 2004ರ ದುಬಾರಿ ಬಡ್ಡಿ ನಿಷೇಧ ಕಾಯ್ದೆಯೂ ಇದೆ.

ಕಂತು ಕಟ್ಟಲು ಆಗದಿದ್ದರೆ ಓಡಿಹೋಗಬೇಡಿ, ಫೋನ್ ಆಫ್ ಮಾಡಬೇಡಿ. ಮೇಲಿನ ಉದಾಹರಣೆಯ ಹಾಗೆ ಲೆಕ್ಕ ಬರೆದು, "ಇಷ್ಟು ಆದಾಯ, ಇಷ್ಟು ಖರ್ಚು, ಈಗ ಇಷ್ಟು ಮಾತ್ರ ಕಟ್ಟಬಲ್ಲೆ" ಎಂದು ಕಂಪನಿಯ ಶಾಖೆಗೆ ಬರೆದು ಕೊಡಿ. ಹಳೇ ಸಾಲ ಮುಚ್ಚಲು ಹೊಸ ಸಾಲ ಕೊಡುತ್ತೇವೆ ಎಂದರೆ ಬೇಡ ಎನ್ನಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ.

6. ಎಲ್ಲಿಗೆ ಹೋಗಬೇಕು?

– ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಹಾಯವಾಣಿ 14448.
– ಉಚಿತ ಕಾನೂನು ನೆರವು: 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100. ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ.
– ಹೊಡೆತ, ಬೆದರಿಕೆ, ಮನೆಗೆ ನುಗ್ಗುವುದು ಆದರೆ ತಕ್ಷಣ 112. ಮಹಿಳಾ ಸಹಾಯವಾಣಿ 181.
– ಬದುಕೇ ಬೇಡ ಎನಿಸಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ 14416, ಟೆಲಿ ಮನಸ್. ಕನ್ನಡದಲ್ಲೇ ಮಾತಾಡಬಹುದು. ಸಾಲಕ್ಕೆ ಕಾಲಾವಕಾಶ ಕೇಳಬಹುದು, ಹೋದ ಜೀವವನ್ನು ಯಾರಿಂದಲೂ ಕೇಳಿ ತರಲಾಗದು.

7. ಕೊನೆಯದಾಗಿ ನಮ್ಮನ್ನು ನಾವು ಕೇಳಿಕೊಳ್ಳುವ ಮಾತು

ಗುಂಪು ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರನ್ನು ಅವರ ಮನೆ ಮುಂದೆ ಕೂರಿಸುತ್ತಾರೆ. "ದುಡ್ಡು ಬರೋವರೆಗೂ ಏಳಬೇಡಿ" ಅಂತಾರೆ. ಆಗ ನಾವೇ ನಮ್ಮ ಅಕ್ಕತಂಗಿಯ ಬಾಗಿಲಲ್ಲಿ ಅಮೀನರಾಗುತ್ತೇವೆ. ಇಡೀ ಬೀದಿ ನೋಡುತ್ತದೆ, ಮಕ್ಕಳು ಶಾಲೆಯಿಂದ ಬಂದು ಬಾಗಿಲಲ್ಲೇ ನಿಲ್ಲುತ್ತವೆ. ಆ ದಿನದ ನಂತರ ಆಕೆ ಸಂಘಕ್ಕೆ ಬರುವುದಿಲ್ಲ. ಸಾಲ ವಸೂಲಾದರೂ ಮನುಷ್ಯರನ್ನು ಕಳೆದುಕೊಂಡೆವು. ಅದೇ ಹೊತ್ತಿನಲ್ಲಿ ಇಬ್ಬರು ಹೋಗಿ ಒಳಗೆ ಕೂತು, ಒಂದು ಲೋಟ ನೀರು ಕುಡಿದು, "ಲೆಕ್ಕ ಬರೆಯೋಣ ಬಾ" ಎಂದರೆ ಆಕೆಯೂ ಉಳಿಯುತ್ತಾಳೆ, ಸಾಲವೂ ತೀರುತ್ತದೆ.

ಚರ್ಚೆಗೆ ಪ್ರಶ್ನೆಗಳು:

1. ನಮ್ಮಲ್ಲಿ ಎಷ್ಟು ಮನೆಗಳ ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲಿದೆ?
2. ಕಳೆದ ವರ್ಷದ ಕಂದಾಯದ ರಸೀದಿ ಯಾರ ಯಾರ ಬಳಿ ಇದೆ?
3. ನಮ್ಮ ಕುಟುಂಬದ ಕಂತುಗಳು ಆದಾಯದ ಅರ್ಧ ಮೀರಿವೆಯೇ?
4. ಸದಸ್ಯೆಯ ಬಾಗಿಲಿಗೆ ವಸೂಲಿಯವರು ಬಂದರೆ ಜೊತೆಗೆ ನಿಲ್ಲಲು ಯಾವ ಇಬ್ಬರು ಹೋಗುತ್ತೀರಿ? ಹೆಸರು ಇವತ್ತೇ ಬರೆಯಿರಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆ ಕಂದಾಯದ ರಸೀದಿ ಮತ್ತು ಎಲ್ಲಾ ಸಾಲದ ಕಾರ್ಡುಗಳನ್ನು ತನ್ನಿ. ನೋಟಿಸು ಬಂದಿದ್ದರೆ ಅದನ್ನೂ ತನ್ನಿ. ನಾಚಿಕೆ ಬೇಡ. ಒಬ್ಬರ ಕೈಯಲ್ಲಿ ನಡುಗುವ ಕಾಗದವನ್ನು ಹತ್ತು ಜನ ಕೂತು ಓದಿದರೆ ದಾರಿ ಕಾಣುತ್ತದೆ.